ಹೆಸರಿಡುವ ಕೆಲಸ

ನಮ್ಮ ಮನೆಯ ಹಿತ್ತಿಲಿನಲ್ಲಿ ಗಿಡ ನೆಡುವವಳು ನನ್ನ ಹೆಂಡತಿ, ನೀರೆರೆಯುವವಳೂ ಅವಳೇ. ಹಳೆಯ ಸೀರೆ ಪಂಚೆಗಳನ್ನು ಹರಿದು, ತುಂಡುಗಳನ್ನು ಒಪ್ಪವಾಗಿ ಜೋಡಿಸಿ, ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುವವಳೂ ಅವಳೇ. ಈ ಎರಡು ಉದ್ಯಮಗಳಲ್ಲಿ ನನ್ನ ಪಾಲಿಗೆ ಬಂದಿರತಕ್ಕ ಕೆಲಸವೆಂದರೆ ಹೆಸರಿಡುವುದೊಂದೇ. ಕನ್ನಡದಲ್ಲಿ ಈ ಮಾತಿಗೆ ಎರಡರ್ಥಗಳುಂಟೆಂಬುದನ್ನು ನಾನು ಬಲ್ಲೆನು. ತೊಟ್ಟಿಲಿನ ಕೂಸಿಗೆ ಹೆಸರಿಡುವುದು ಒಂದು. ಪರರು ಬೆವರು ಸುರಿಸಿ ಮಾಡಿದ ಕೆಲಸದಲ್ಲಿ ಕುಂದು ಹುಡುಕಿ ಹೆಸರಿಡುವುದು ಇನ್ನೊಂದು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಎರಡನೆಯದನ್ನು ನಾನು ಯಾರೂ ಕೇಳದೆಯೇ ಧಾರಾಳವಾಗಿ ನಡೆಸಿಕೊಂಡು ಬಂದಿರುವೆನೆಂದು ಅವಳ ಅಭಿಪ್ರಾಯ. ಮೊದಲನೆಯದನ್ನು ಮಾಡೆಂದು ಕೇಳಿದುದು ಕಳೆದ ವರ್ಷ, ಅದೂ ಗತ್ಯಂತರವಿಲ್ಲದೆ.

ಬೆಂಗಳೂರಿನ ಕೈಮಗ್ಗದ ಅಂಗಡಿಯೊಂದರವರು ಅವಳ ಕೌದಿಗಳನ್ನು ಎಲ್ಲಿಯೋ ಕಂಡು ಮೆಚ್ಚಿ, ತಮ್ಮಲ್ಲಿ ಮಾರಾಟಕ್ಕಿಡಲು ಒಪ್ಪಿದರು. ಆದರೆ ಒಂದೊಂದು ಕೌದಿಗೂ ಒಂದೊಂದು ಹೆಸರು ಇರತಕ್ಕದ್ದೆಂದೂ, ಅದನ್ನು ಚೀಟಿಯಲ್ಲಿ ಬರೆದು ಮೂಲೆಗೆ ಕಟ್ಟಿರಬೇಕೆಂದೂ ಹೇಳಿ ಕಳುಹಿಸಿದರು. ಹೆಸರಿದ್ದ ವಸ್ತುವನ್ನು ಕೊಳ್ಳುವವರು ಹೆಚ್ಚಂತೆ. ಧಾರವಾಡದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಈ ವಾರ್ತೆಯನ್ನು ನನಗೆ ತಿಳಿಸಿದ ರೀತಿಯೇ ಬೇರೆ: "ಏನ್ರೀ, ಹನ್ನೊಂದು ಕೌದಿ ಅವ, ಹನ್ನೊಂದಕ್ಕೂ ಹೆಸರು ಬೇಕಂತ. ನೀವು ಬರಿಯೋರಲ್ಲ, ಇಡ್ರಿ ನೋಡೋಣ." ಲೇಖಕನೆಂದು ಮನೆಯೊಳಗೆ ನನಗೆ ದೊರೆತ ಮೊದಲ ಮನ್ನಣೆ ಅದು, ಬಿಟ್ಟುಕೊಡುವುದು ಹೇಗೆ? ಒಂದು ವಾರದ ಅವಧಿಯನ್ನು ಕೇಳಿ ಪಡೆದು, ಕಾಗದ ಲೇಖನಿಗಳನ್ನು ಮುಂದಿಟ್ಟುಕೊಂಡು ಕುಳಿತೆನು. ಕುಳಿತವನಿಗೆ ಹೆಸರುಗಳು ಹೊಳೆಯಲಿಲ್ಲ; ಹೆಸರಿಟ್ಟವರ ನೆನಪು ಬರತೊಡಗಿತು.

ಎಲ್ಲಕ್ಕಿಂತ ಮೊದಲು ನೆನಪಾದವಳು ನನ್ನ ತಾಯಿ. ಸಾಗರದ ಸೀಮೆಯ ಅಡಕೆ ತೋಟಗಳ ನಡುವಿನ ಮನೆಗಳಲ್ಲಿ ಮಳೆಗಾಲದ ಹೂವೆಂದರೆ ಡೇರೆ. ಮಳೆ ಹಿಡಿಯುವ ಮುನ್ನ, ಅಟ್ಟದ ಮೇಲೆ ಒಣಮಣ್ಣಿನಲ್ಲಿ ಹುದುಗಿಸಿಟ್ಟ ಗಡ್ಡೆಗಳನ್ನು ಕೆಳಗಿಳಿಸಿ, ಮೊಳಕೆಯ ಕಣ್ಣುಗಳನ್ನು ನೋಡಿ ನೋಡಿ ಬಿಡಿಸಿ, ಅಂಗಳದಂಚಿನ ಏರಿಯಲ್ಲಿ ನೆಟ್ಟು, ಗಿಡ ಮೊಳಕಾಲೆತ್ತರಕ್ಕೆ ಬಂದಾಗ ಕೋಲು ಕೊಟ್ಟು ಕಟ್ಟಿ, ಆಷಾಢದ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಹೋಗಿ ನೆಲಕ್ಕೆ ಬಗ್ಗಿದ ತಲೆಗಳನ್ನು ಎತ್ತಿ ನಿಲ್ಲಿಸುವ ಆ ಸೇವೆಯನ್ನು ಕಂಡವರಿಗೆ, ದೇವರ ಪೂಜೆಯಲ್ಲಿಯೂ ನಮ್ಮ ಹೆಂಗಸರು ಇಷ್ಟೊಂದು ಶ್ರದ್ಧೆಯನ್ನು ತೋರಿಯಾರೇ ಎಂಬ ಸಂಶಯ ಬಾರದೆ ಇರದು. ಒಂದು ಮನೆಯಲ್ಲಿದ್ದ ಬಣ್ಣ ಇನ್ನೊಂದು ಮನೆಯಲ್ಲಿಲ್ಲದಿದ್ದರೆ ಆ ವರ್ಷವೆಲ್ಲ ಅದೊಂದು ಕೊರತೆ. ಮದುವೆ ಮುಂಜಿಗಳಿಗೆ ಹೋದವರ ಕೈಚೀಲದಲ್ಲಿ ಮರಳಿ ಬರುವಾಗ ಎಲೆಯಡಕೆಯೊಡನೆ ಒಂದೆರಡು ಗಡ್ಡೆಗಳಿದ್ದೇ ಇರುತ್ತಿದ್ದುವು.

ಆ ಗಡ್ಡೆಗಳಿಗೆ ನನ್ನ ತಾಯಿ ಇಟ್ಟ ಹೆಸರುಗಳು ಹೀಗಿದ್ದುವು: ಹೊಸಮನೆ ಅತ್ತಿಗೆಯ ಕೆಂಪು, ಕೆಳಗಿನಮನೆ ಚಿಕ್ಕಮ್ಮನ ಹಳದಿ, ತವರಿನ ಬಿಳಿ, ಬಸ್ಸಿನಲ್ಲಿ ಸಿಕ್ಕಿದ್ದು, ಕದ್ದದ್ದು. ಕಡೆಯದು ಬಿಳಿಯ ತುದಿಯ ನೇರಳೆ ಬಣ್ಣದ, ತಟ್ಟೆಯಗಲದ ಮಹಾಪುಷ್ಪ. ಅದನ್ನು ಎಲ್ಲಿಂದ ಕದ್ದಳೆಂಬುದನ್ನು ಅವಳು ಕಡೆಯವರೆಗೂ ಬಾಯಿಬಿಡಲಿಲ್ಲ, ಆದರೆ ಕದ್ದ ಗಿಡ ಕೊಟ್ಟ ಗಿಡಕ್ಕಿಂತ ಚೆನ್ನಾಗಿ ಬರುತ್ತದೆಂಬ ಸಿದ್ಧಾಂತಕ್ಕೆ ಅದನ್ನೇ ಪ್ರತಿವರ್ಷವೂ ನಿದರ್ಶನವಾಗಿ ತೋರಿಸುತ್ತಿದ್ದಳು. ಒಮ್ಮೆ ಯಾವುದೋ ಬೇಲಿಯ ಜಗಳದಲ್ಲಿ ಕೆಳಗಿನಮನೆಯವರಿಗೂ ನಮಗೂ ಮಾತು ನಿಂತಿತು. ಗಿಡವನ್ನು ಕಿತ್ತೆಸೆಯಲು ಅವಳಿಗೆ ಮನಸ್ಸಾಗಲಿಲ್ಲ. ಹೆಸರನ್ನು ಮಾತ್ರ ಕಿತ್ತಳು. ಎರಡು ಮಳೆಗಾಲಗಳ ಕಾಲ ಅದು ಬರಿಯ "ಆ ಹಳದಿ" ಆಗಿ ಅರಳಿತು. ಮೂರನೆಯ ವರ್ಷ ಚೌತಿಯ ದಿನ ಚಿಕ್ಕಮ್ಮ ತಾನಾಗಿ ಬಂದು ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು ಹೋದಳು; ಆ ಸಂಜೆಯೇ ಹೂವಿಗೆ ಅದರ ಪೂರ್ವನಾಮ ಮರಳಿ ಬಂದಿತು.

ಡೇರೆಯೆಂಬ ಹೆಸರಾದರೂ ಎಂಥದು! ಹೊಲದಲ್ಲಿ ಹಾಕುವ ಗುಡಾರಕ್ಕೂ ನಮ್ಮಲ್ಲಿ ಡೇರೆಯೆಂದೇ ಹೆಸರಾದುದರಿಂದ, ಮಳೆಯಲ್ಲಿ ತೊಯ್ದು ಕುಸಿದ ದೊಡ್ಡ ಹೂವನ್ನು ಕಂಡಾಗಲೆಲ್ಲ ಸರ್ಕಸ್ಸಿನವರು ಬಿಟ್ಟುಹೋದ ಗುಡಾರವೊಂದು ನನಗೆ ಬಾಲ್ಯದಲ್ಲಿ ಕಾಣುತ್ತಿದ್ದಿತು. ಮೂಲದಲ್ಲಿ ಅದು ಡಾಲಿಯಾ. ಮೆಕ್ಸಿಕೋ ದೇಶದ ಗಿಡ. ಸ್ಪೇನಿನ ಮ್ಯಾಡ್ರಿಡ್ ನಗರದ ಸಸ್ಯೋದ್ಯಾನದಲ್ಲಿ ಅರಳಿ, 1791ರಲ್ಲಿ ಕವನಿಲ್ಲೆಸ್ ಎಂಬ ವಿದ್ವಾಂಸನಿಂದ, ಲಿನೇಯಸನ ಶಿಷ್ಯನಾಗಿದ್ದ ಸ್ವೀಡನ್ ದೇಶದ ಆಂಡರ್ಸ್ ಡಾಲನ ಸ್ಮರಣಾರ್ಥವಾಗಿ ಆ ಹೆಸರನ್ನು ಪಡೆಯಿತು. ಡಾಲನು ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದನು. ಮೆಕ್ಸಿಕೋದ ಹೂವು, ಸ್ವೀಡನ್ನಿನ ಹೆಸರು, ಸ್ಪೇನಿನ ನಾಮಕರಣ. ಇವೆಲ್ಲವೂ ಶರಾವತಿಯ ಮಳೆಯಲ್ಲಿ ನೆನೆದು ನೆನೆದು ಕರಗಿ, ಕಡೆಗೆ ಉಳಿದುದು ಡೇರೆ, ಅದೂ ಹೊಸಮನೆ ಅತ್ತಿಗೆಯದು.

ಗಿಡಗಳ ಹೆಸರುಗಳನ್ನು ಹೀಗೆ ಬೆನ್ನಟ್ಟಿ ಹೋದವನಿಗೆ ಭೂಗೋಳದ ಮೇಲಿನ ವಿಶ್ವಾಸ ಹೊರಟುಹೋಗುತ್ತದೆ. ನಮ್ಮ ಮನೆಗಳ ಮೆಟ್ಟಿಲ ಸಂದಿನಲ್ಲಿಯೂ ಬೇರೂರಿ ವರ್ಷವಿಡೀ ಅರಳುವ ಕಾಶಿಕಣಗಿಲೆ ಕಾಶಿಯದೂ ಅಲ್ಲ, ಕಣಗಿಲೆಯೂ ಅಲ್ಲ. ಅದು ಮಡಗಾಸ್ಕರ್ ದ್ವೀಪದಿಂದ ಬಂದುದು. ದೂರದಿಂದ ಬಂದುದೆಲ್ಲವೂ ಕಾಶಿಯಿಂದಲೇ ಬಂದಿರಬೇಕೆಂದು ನಂಬಿದ ಯಾವಳೋ ಪುಣ್ಯಾತ್ಗಿತ್ತಿ ಅದಕ್ಕೆ ಆ ಪವಿತ್ರ ವಿಳಾಸವನ್ನು ದಯಪಾಲಿಸಿರಬೇಕು. ಅದರಿಂದ ರಕ್ತದ ಅರ್ಬುದಕ್ಕೆ ಔಷಧವನ್ನು ತೆಗೆಯುತ್ತಾರೆಂದು ತಿಳಿದ ಮೇಲೆ ಕಾಶಿಯ ಹೆಸರು ಅದಕ್ಕೆ ಅತಿಯಾಯಿತೆಂದು ನನಗೆ ಅನ್ನಿಸುವುದಿಲ್ಲ. ಸಂಜೆಮಲ್ಲಿಗೆಯೂ ಮಲ್ಲಿಗೆಯ ವಂಶದ್ದಲ್ಲ. ಗಡಿಯಾರವಿಲ್ಲದ ಮನೆಯಲ್ಲಿ ಹಸು ಕರೆಯುವ ಹೊತ್ತನ್ನು ಹೇಳುತ್ತಿದ್ದುದರಿಂದ ಅದಕ್ಕೆ ಆ ಗೌರವ. ಗೌರಿಹೂವೆಂದು ನಮ್ಮಲ್ಲಿ ಬೆಂಕಿಯ ನಾಲಗೆಯಂತಿರುವ ಅಗ್ನಿಶಿಖೆಯನ್ನು ಕರೆದರೆ, ಘಟ್ಟದ ಕೆಳಗಿನವರು ಕರ್ಣಕುಂಡಲವನ್ನು ಕರೆಯುತ್ತಾರೆ; ಎರಡೂ ಭಾದ್ರಪದದಲ್ಲಿ ಗೌರಿಯ ಮುಡಿಗೇರುವುವಾದುದರಿಂದ ವ್ಯಾಜ್ಯವನ್ನು ಅವಳೇ ತೀರಿಸಿಕೊಳ್ಳಲಿ. ಸುಗಂಧರಾಜದ ವಿಷಯದಲ್ಲಿ ಮಾತ್ರ ಕನ್ನಡಿಗರು ಎದೆ ತಟ್ಟಿಕೊಳ್ಳಬಹುದು. ಅದಕ್ಕೆ ಇಂಗ್ಲಿಷಿನವರಿಟ್ಟ ಟ್ಯೂಬ್‌ರೋಸ್ ಎಂಬ ಹೆಸರು, ಗಡ್ಡೆಯುಳ್ಳದ್ದೆಂಬ ಅರ್ಥದ ಲ್ಯಾಟಿನ್ ಪದವನ್ನು ಬಾಯಿಗೆ ಬಂದಂತೆ ಒಡೆದು ಗುಲಾಬಿಯನ್ನಾಗಿ ಮಾಡಿದುದು. ಇಂಥ ಪರಿಮಳದ ಎದುರಿಗೆ ನಿಂತು ಗಡ್ಡೆಯನ್ನು ನೆನೆಯುವುದೆಂದರೆ ಸಂಗೀತ ಕಚೇರಿಯಲ್ಲಿ ಕುಳಿತು ತಂಬೂರಿಯ ಬುರುಡೆ ಯಾವ ತೋಟದ ಸೋರೆಕಾಯಿಯೆಂದು ವಿಚಾರಿಸಿದ ಹಾಗೆ.

ಶಾಸ್ತ್ರಜ್ಞರ ನಾಮಕರಣದಲ್ಲಿ ರಸವಿಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು 1753ರ ತನ್ನ ಮಹಾಗ್ರಂಥದಲ್ಲಿ ಸ್ಥಿರಗೊಳಿಸಿದ ಲಿನೇಯಸನು, ತನ್ನನ್ನು ಕಟುವಾಗಿ ಖಂಡಿಸಿದ ಸೀಗೆಸ್‌ಬೆಕ್ ಎಂಬ ಪಂಡಿತನ ಹೆಸರನ್ನು, ಮೈಯೆಲ್ಲ ಅಂಟಂಟಾದ ಒಂದು ಕ್ಷುದ್ರ ಕಳೆಗಿಡಕ್ಕೆ ಸೇರಿಸಿ ಶಾಶ್ವತಗೊಳಿಸಿದನು. ಹೆಸರಿಡುವುದರ ಎರಡು ಅರ್ಥಗಳನ್ನೂ ಒಂದೇ ಏಟಿಗೆ ಸಾಧಿಸಿದ ಆ ಮಹಾನುಭಾವನಿಗೆ ಕನ್ನಡ ಬಾರದಿದ್ದುದು ಆಶ್ಚರ್ಯ! ಮಾನವರು ಬೆಳೆಸಿದ ತಳಿಗಳ ನಾಮಕರಣಕ್ಕೆ ಈಗ ಬೇರೆಯೇ ಒಂದು ಅಂತಾರಾಷ್ಟ್ರೀಯ ಸಂಹಿತೆಯುಂಟು. 1959ನೆಯ ಇಸವಿಯಿಂದೀಚೆಗೆ ಹೊಸ ತಳಿಗೆ ಲ್ಯಾಟಿನ್ ಹೆಸರನ್ನು ಇಡಕೂಡದು, ಬದುಕಿರುವ ಭಾಷೆಯಲ್ಲಿಯೇ ಇಡತಕ್ಕದ್ದು ಎಂಬುದು ಅದರ ಒಂದು ವಿಧಿ. ಈ ವಿಧಿಯನ್ನು ಓದಿದಾಗ ನನಗೆ ಮನಸ್ಸಿನಲ್ಲಿಯೇ ಸಣ್ಣದೊಂದು ಚುಚ್ಚು ತಗುಲಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಕಾರಣ ಮುಂದೆ ತಿಳಿಯುವುದು.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಮ್ಮ ತಳಿಗಳಿಗೆ, ಸಮೀಪದಲ್ಲಿ ಹರಿಯುವ ಅರ್ಕಾವತಿಯ ನೆನಪಿಗೆ, ಅರ್ಕಾ ಎಂಬ ಮನೆತನದ ಹೆಸರನ್ನು ಹಚ್ಚಿರುವರು. ತರಕಾರಿಯ ಬೀಜ ತರಲು ಹೋದವನು ಅರ್ಕಾ ವಿಕಾಸ್, ಅರ್ಕಾ ಸೌರಭ್, ಅರ್ಕಾ ಕಲ್ಯಾಣ್ ಎಂದು ಓದುತ್ತಾ ಹೋದರೆ ಯಾವುದೋ ದೊಡ್ಡ ಕುಟುಂಬದ ಮದುವೆಯ ಕರೆಯೋಲೆಯನ್ನು ಹಿಡಿದಂತಾಗುವುದು; ಆದರೆ ಮೊದಲನೆಯವರಿಬ್ಬರು ಟೊಮ್ಯಾಟೊಗಳು, ಮೂರನೆಯವನು ಈರುಳ್ಳಿ. ಸುಗಂಧರಾಜದ ಸುತ್ತುಸುತ್ತಿನ ದಳಗಳ ತಳಿಯೊಂದಕ್ಕೆ ಅವರು ಸುವಾಸಿನಿ ಎಂದು ಹೆಸರಿಟ್ಟಿರುವರು. ಸುವಾಸನೆಯುಳ್ಳವಳೂ ಹೌದು, ಹೂವನ್ನು ಮುಡಿಯುವ ಮುತ್ತೈದೆಯೂ ಹೌದು. ಪ್ರಯೋಗಶಾಲೆಯಲ್ಲಿ ಕುಳಿತು ಇಂಥ ಶ್ಲೇಷೆಯನ್ನು ಕಟ್ಟಿದವರು ಯಾರೋ, ಅವರಿಗೆ ನಮಸ್ಕಾರ. ಅದಕ್ಕಿಂತಲೂ ನನಗೆ ಪ್ರಿಯವಾದುದು ಅಲ್ಲಿಯ ಬೆಂಡೆಯ ತಳಿ: ಅರ್ಕಾ ಅನಾಮಿಕಾ. ಹೆಸರಿಲ್ಲದವಳೆಂಬುದೇ ಅದರ ಹೆಸರು! ಉಪನಿಷತ್ತಿನ ಬ್ರಹ್ಮಕ್ಕೆ ಸಲ್ಲುವ ವಿಶೇಷಣವೊಂದು ಬೆಂಡೆಕಾಯಿಗೆ ಸಂದುದನ್ನು ಕಂಡು ಆನಂದದಿಂದ ನಾನು ಆ ಪೊಟ್ಟಣವನ್ನು ಕೊಂಡುತಂದೆನು. ನನ್ನ ಹೆಂಡತಿ ಮಾತ್ರ, ಹಳದಿರೋಗಕ್ಕೆ ಬಗ್ಗದ ಜಾತಿಯೇ ಎಂದು ಕೇಳಿ, ಹೌದೆಂದ ಮೇಲೆ ಬಿತ್ತಿದಳು.

ಗಿಡಗಳಿಂದ ಬಟ್ಟೆಗೆ ಬರುವ ದಾರಿ ದೂರದ್ದೇನೂ ಅಲ್ಲ. ನಮ್ಮ ಕನಕಾಂಬರವೇ ಅದನ್ನು ತೋರಿಸಿಕೊಡುತ್ತದೆ. ಕನಕವೆಂದರೆ ಬಂಗಾರ, ಅಂಬರವೆಂದರೆ ವಸ್ತ್ರ. ಲ್ಯಾಟಿನ್ನಿನಲ್ಲಿ ಆಲಿಕೆಯ ಆಕಾರವುಳ್ಳದ್ದೆಂದು ಮಾತ್ರ ಹೇಳಿಸಿಕೊಂಡ, ಪರಿಮಳವೇ ಇಲ್ಲದ ಆ ಬಡ ಹೂವಿಗೆ ನಮ್ಮವರು ಜರತಾರಿಯ ಪೀತಾಂಬರವನ್ನು ಹೊದಿಸಿದರು. ಹೂವಿಗೆ ಬಟ್ಟೆಯ ಹೆಸರಾಯಿತು. ಕೆಲವು ಕಾಲದ ಮೇಲೆ ರೇಷ್ಮೆಯ ಅಂಗಡಿಗೆ ಹೋದ ಹೆಂಗಸರು ಆ ಹೂವಿನ ಬಣ್ಣದ ಸೀರೆಯನ್ನು ಬೇಡಿ ಕನಕಾಂಬರದ ಸೀರೆಯೆಂದರು; ಬಟ್ಟೆಗೆ ಹೂವಿನ ಹೆಸರಾಯಿತು. ಕೊಟ್ಟ ಸಾಲವನ್ನು ಹೀಗೆ ಬಡ್ಡಿಯೊಡನೆ ಹಿಂದಕ್ಕೆ ಪಡೆದ ನಿದರ್ಶನ ಅರ್ಥಶಾಸ್ತ್ರದಲ್ಲಿಯೂ ವಿರಳ.

ಸೀರೆಯ ಬಣ್ಣಗಳ ಹೆಸರುಗಳಲ್ಲಿ ಅರ್ಧದಷ್ಟು ಅಡುಗೆಮನೆಯಿಂದಲೂ ಹಿತ್ತಿಲಿನಿಂದಲೂ ಬಂದುವು: ಈರುಳ್ಳಿಸಿಪ್ಪೆ, ದಾಳಿಂಬೆ, ಅರಿಶಿನ, ಎಲೆಹಸಿರು, ಗಿಳಿಹಸಿರು. ಕಂಚಿಯ ರೇಷ್ಮೆಯಲ್ಲಿ ಒಂದು ನೀಲಿಗೆ ಎಂ. ಎಸ್. ನೀಲಿಯೆಂದೇ ಹೆಸರು, ಎಂ. ಎಸ್. ಸುಬ್ಬುಲಕ್ಷ್ಮಿಯವರಿಗಾಗಿ ನೇಕಾರರು ನೇಯ್ದುಕೊಟ್ಟ ಬಣ್ಣ ಅದು. ಬಣ್ಣವೊಂದಕ್ಕೆ ಕಂಠವಿರುವುದಾದರೆ ಹೀಗೆಯೇ ಇರಬೇಕು. ಇಳಕಲ್ಲಿನ ಸೀರೆಯ ಸೆರಗಿಗೆ ಟೋಪತೆನಿ. ಮೈಗೂ ಸೆರಗಿಗೂ ಬೇರೆ ಬೇರೆಯಾಗಿ ಹೂಡಿದ ಹಾಸುಗಳನ್ನು ಕುಣಿಕೆ ಕುಣಿಕೆಯಾಗಿ ಹೆಣೆದು ಒಂದುಮಾಡುವ ಕೌಶಲಕ್ಕೆ ಕೊಂಡಿ. ಅದರೊಡನೆ ತೊಡುವ ಗುಳೇದಗುಡ್ಡದ ಖಣದಲ್ಲಿ ಆನೆಹೆಜ್ಜೆಯುಂಟು, ತೇರು ಉಂಟು, ಸೂಜಿಮಲ್ಲಿಗೆಯುಂಟು. ಅಂಗೈಯಗಲದ ಕುಪ್ಪಸದ ಬಟ್ಟೆಯಲ್ಲಿ ಆನೆ ನಡೆದುಹೋದ ಗುರುತನ್ನು ಕಂಡವನು ಕವಿಯಲ್ಲವೆಂದು ಯಾರು ಹೇಳಬಲ್ಲರು?

ನನ್ನ ಹೆಂಡತಿಯ ಅಜ್ಜಿ ಕಸೂತಿಯಲ್ಲಿ ನುರಿತವರಾಗಿದ್ದರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆಗಳನ್ನು ಎಣಿಸಿ ಎಣಿಸಿ, ನಕ್ಷೆಯನ್ನು ಬರೆದುಕೊಳ್ಳದೆ, ಹಿಂದೆಯೂ ಮುಂದೆಯೂ ಒಂದೇ ಸಮನಾಗಿ ಕಾಣುವಂತೆ, ಗಂಟಿನ ಸುಳಿವಿಲ್ಲದೆ, ಗೋಪುರ, ತುಳಸಿಕಟ್ಟೆ, ಪಲ್ಲಕ್ಕಿ, ಅಂಬಾರಿಯಾನೆಗಳನ್ನು ತೆಗೆಯುತ್ತಿದ್ದ ಆ ವೃದ್ಧೆಯ ಬಾಯಲ್ಲಿ ಹೊಲಿಗೆಗಳ ಹೆಸರುಗಳು ಸಾಸಿವೆ ಸಿಡಿದಂತೆ ಬರುತ್ತಿದ್ದುವು: ಗವಂತಿ, ಮುರಗಿ, ನೇಗಿ, ಮೆಂತೆ. ಅಡ್ಡಡ್ಡ ಹಾಯ್ದ ಎರಡು ಪುಟ್ಟ ಎಳೆಗಳು ಮೆಂತ್ಯದ ಕಾಳಾಗಿ ಕಂಡುದು ನಿತ್ಯವೂ ಒಗ್ಗರಣೆಯ ಡಬ್ಬಿಯನ್ನು ತೆರೆಯುವವರಿಗೇ ಹೊರತು ನನ್ನಂಥವನಿಗಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವರನ್ನು, "ಅಜ್ಜಿ, ಈ ನಕ್ಷೆಯ ಹೆಸರೇನು?" ಎಂದು ಕೇಳಿದೆನು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ತೇರು ಅಲ್ಲೇನಪಾ? ಕಾಣಸೂದಿಲ್ಲೇನು?" ಎಂದರು. ಕಾಣುವುದಕ್ಕೇ ಹೆಸರಿಡಬೇಕು, ಕಾಣದುದಕ್ಕೆ ಇಟ್ಟು ಕಾಣಿಸಲು ಹೆಣಗಬಾರದೆಂಬ ಪಾಠವನ್ನು ಅಂದೇ ಕಲಿತಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಆದರೆ ಈ ಪಾಠಕ್ಕೂ ಅಪವಾದವುಂಟು. ಯಲ್ಲಾಪುರ, ಹಳಿಯಾಳದ ಕಡೆಯ ಕಾಡುಗಳಂಚಿನಲ್ಲಿ ನೆಲೆಸಿರುವ, ಶತಮಾನಗಳ ಹಿಂದೆ ಆಫ್ರಿಕದಿಂದ ಈ ನೆಲಕ್ಕೆ ಬಂದವರ ಸಂತತಿಯಾದ ಸಿದ್ದಿ ಜನರ ಹೆಂಗಸರು ಕೌದಿಯ ಸೋದರಿಯಾದ ಕವಂದಿಯನ್ನು ಹೊಲಿಯುತ್ತಾರೆ. ನಮ್ಮವಳಂತೆ ತುಂಡುಗಳನ್ನೆಲ್ಲ ಮೊದಲೇ ಜೋಡಿಸಿಕೊಂಡು ಕೂರುವವರಲ್ಲ ಅವರು. ಅಂಚಿನಿಂದ ಹೊರಟು, ತುಂಡುಗಳನ್ನು ಸೇರಿಸುತ್ತಾ, ಸುತ್ತು ಸುತ್ತಾಗಿ ನಡುವಿನೆಡೆಗೆ ಹೊಲಿದುಕೊಂಡು ಬರುತ್ತಾರೆ. ಕವಂದಿ ಮುಗಿಯುವಾಗ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಮಡಿಸಿ ಹೊಲಿಯುವ ದಪ್ಪನೆಯ ಪುಟ್ಟ ತುಂಡುಗಳಿಗೆ ಫೂಲ್ ಎಂದು ಹೆಸರು. ಫೂಲ್ ಇಲ್ಲದ ಕವಂದಿ ಬೆತ್ತಲೆಯೆಂದು ಅವರ ಭಾವನೆ. ಆ ತ್ರಿಕೋನಕ್ಕೂ ಲೋಕದ ಯಾವ ಹೂವಿಗೂ ಆಕಾರದಲ್ಲಿ ಸಂಬಂಧವಿಲ್ಲ. ಮೂಲೆಯಲ್ಲಿದೆ, ಮುಡಿದಂತಿದೆ, ಆದುದರಿಂದ ಹೂವು. ಅಜ್ಜಿ ಬದುಕಿದ್ದರೆ ಈ ವಾದವನ್ನು ಒಪ್ಪುತ್ತಿದ್ದರೆಂದೇ ನನ್ನ ಊಹೆ.

ಇಷ್ಟೆಲ್ಲ ಪೂರ್ವಸೂರಿಗಳ ಸ್ಮರಣೆಯಾದ ಮೇಲೆ ವಾರದ ಕಡೆಯಲ್ಲಿ ನಾನು ಪಟ್ಟಿಯನ್ನು ಒಪ್ಪಿಸಿದೆನು. ಸಂಧ್ಯಾರಾಗ, ವರ್ಷಾವಿಲಾಸ, ಚಿತ್ರಕೂಟ, ಶಿಶಿರಸ್ವಪ್ನ, ಶಾರದಾಭ್ರ, ನೀಲಾಂಬರಿ, ಹೀಗೆ ಹನ್ನೊಂದು. ಅವಳು ಒಂದೊಂದನ್ನೇ ನಿಧಾನವಾಗಿ, ಕಲ್ಲು ಆರಿಸುವ ದೃಷ್ಟಿಯಿಂದ ಓದಿದಳು. ಸಂಧ್ಯಾರಾಗವೆಂಬುದು ಅ.ನ.ಕೃ. ಅವರ ಕಾದಂಬರಿಯ ಹೆಸರಲ್ಲವೇ ಎಂದಳು, ಹೌದಾಗಿತ್ತು, ತೆಗೆದುಹಾಕಿದೆನು. ನೀಲಾಂಬರಿಯೆಂದರೆ ನೀಲಿಯ ವಸ್ತ್ರ, ಲಾಲಿಹಾಡುಗಳಿಗೆ ಒಗ್ಗಿದ ರಾಗವೂ ಹೌದು, ಹೊದ್ದು ಮಲಗುವ ವಸ್ತುವಿಗೆ ಇದಕ್ಕಿಂತ ಯುಕ್ತವಾದ ಹೆಸರುಂಟೆ ಎಂದು ವಾದಿಸಿದಾಗ, "ಇದೊಂದು ಇರಲಿ" ಎಂದಳು. ಉಳಿದವನ್ನು ಕುರಿತು ಅವಳ ಅಭಿಪ್ರಾಯ ಸಂಕ್ಷಿಪ್ತವಾಗಿತ್ತು: "ಹೆಸರು ಭಾಳ ಛಂದ ಅವ. ಆದರ ಹೊದ್ಕೊಳ್ಳಿಕ್ಕೆ ಬರೂದಿಲ್ಲ."

ಆಮೇಲೆ ತಿಳಿಯಿತು, ಆ ಹನ್ನೊಂದಕ್ಕೂ ಮನೆಯಲ್ಲಿ ಮೊದಲೇ ಹೆಸರುಗಳಿದ್ದುವು, ನಾನು ಕೇಳಿಸಿಕೊಂಡಿರಲಿಲ್ಲ, ಅಷ್ಟೆ. ನನ್ನ ಮಾವನವರ ಕೆಂಪಂಚಿನ ಪಂಚೆಗಳಿಂದಾದುದು "ಅಪ್ಪನ ಪಂಚೆ". ಮಗಳ ಪರೀಕ್ಷೆಯ ಕಾಲದಲ್ಲಿ ರಾತ್ರಿಯೆಲ್ಲ ಅವಳೊಡನೆ ಎಚ್ಚರವಾಗಿ ಕುಳಿತು ಹೊಲಿದುದು "ಪರೀಕ್ಷಿ ಕೌದಿ". ಕಿತ್ತಳೆಯೆಂದು ನಾನು, ಗಜ್ಜರಿಯೆಂದು ಅವಳು ಕರೆಯುವ ಬಣ್ಣದ್ದು "ಗಜ್ಜರಿ". ಕತ್ತಲೆಯಲ್ಲಿ ಕಪ್ಪೆಂದು ತಿಳಿದು ನೀಲಿಯ ತುಂಡನ್ನು ಸೇರಿಸಿಬಿಟ್ಟುದು "ಕರೆಂಟ್ ಹೋಗಿದ್ದು". ನಾನು ಚಿತ್ರಕೂಟವೆಂದು ಹೆಸರಿಸಿ, ಆ ನೀಲಿಯನ್ನು ಮಂದಾಕಿನೀ ನದಿಯೆಂದು ಮನಸ್ಸಿನಲ್ಲಿಯೇ ವ್ಯಾಖ್ಯಾನಿಸಿಕೊಂಡಿದ್ದುದು ಇದನ್ನೇ. ಇವು ನನ್ನ ತಾಯಿಯ ಡೇರೆಗಳ ಹೆಸರುಗಳ ಜಾತಿಯವೇ ಎಂಬುದು ಹೊಳೆದಾಗ, ಲ್ಯಾಟಿನ್ನನ್ನು ನಿಷೇಧಿಸಿದ ಆ ಸಂಹಿತೆಯ ಚುಚ್ಚು ಮತ್ತೊಮ್ಮೆ ತಗುಲಿತು. ಆದರೂ ಅಂಗಡಿಯವರಿಗೆ ಕಳುಹಿಸಲು ಪರೀಕ್ಷಿ ಕೌದಿ ತಕ್ಕುದಲ್ಲವೆಂದು ನಾನೂ, ಅಪ್ಪನ ಪಂಚೆಯನ್ನು ಮಾರುವುದೇ ಇಲ್ಲವೆಂದು ಅವಳೂ ಪಟ್ಟು ಹಿಡಿದೆವು. ಕಡೆಗೆ ಒಂಬತ್ತು ಚೀಟಿಗಳು ನನ್ನ ಹೆಸರುಗಳನ್ನೇ ಹೊತ್ತು ಬೆಂಗಳೂರಿಗೆ ಹೋದುವು. ಸಂಧ್ಯಾರಾಗವಿದ್ದ ಕಡೆಯಲ್ಲಿ "ಗಜ್ಜರಿ" ಹೋಯಿತು.

ಎರಡು ತಿಂಗಳಲ್ಲಿ ಮೊದಲು ಖರ್ಚಾದುದು ಗಜ್ಜರಿ. ಇದನ್ನು ಅವಳು ನನಗೆ ಮೂರು ಸಲ ಹೇಳಿದಳು. ಎರಡನೆಯದಾಗಿ ಹೋದುದು ಬಿಳಿಯ ಧೋತರಗಳ, ನಡುನಡುವೆ ತೆಳು ಬೂದು ಬಣ್ಣದ ತುಂಡುಗಳ ಶಾರದಾಭ್ರ, ಎಂದರೆ ಶರತ್ಕಾಲದ ಮೋಡ. ನನ್ನ ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರೀತಿಯ ಹೆಸರು. ನಾನು ವಿಜಯಗರ್ವದಿಂದ ಬೀಗುತ್ತಿರುವಾಗಲೇ ಅಂಗಡಿಯಿಂದ ದೂರವಾಣಿ ಬಂದಿತು. ಶಾರದಾ ಅವರು ಹೊಲಿದ ಬಿಳಿಯ ಕೌದಿಯನ್ನು ಕೊಂಡ ಮಹಿಳೆಯೊಬ್ಬರಿಗೆ ಅದು ಬಹಳ ಹಿಡಿಸಿದೆಯೆಂದೂ, ಶಾರದಮ್ಮನವರ ಕೈಯಿಂದಲೇ ಅಂಥದು ಇನ್ನೊಂದು ಬೇಕೆಂದೂ ಹೇಳಿದರು. ಚೀಟಿಯ ಮೇಲಿನ ನನ್ನ ಭಕಾರದ ರಕಾರದ ಒತ್ತು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಥವಾ ಬಿದ್ದರೂ ಅದನ್ನು ಯಾವುದೋ ಊರಿನ ಹೆಸರೆಂದು ತಿಳಿದರೋ ಏನೋ. ಸಮಾಸವನ್ನು ಬಿಡಿಸಿ ಹೇಳಲೆಂದು ನಾನು ಕೈ ನೀಡಿದೆನು. ಅವಳು ಫೋನನ್ನು ನನ್ನ ಕೈಗೆ ಕೊಡದೆ, "ಆತ್ರಿ, ಹೇಳ್ತೀನಿ ಅವರಿಗೆ" ಎಂದುಬಿಟ್ಟಳು.

ಅಂದಿನಿಂದ ನಮ್ಮ ಮನೆಯಲ್ಲಿ ಶಾರದಮ್ಮನೆಂಬವರು ಒಬ್ಬರಿದ್ದಾರೆ. ಬಿಳಿಯ ಕೌದಿಗಳೆಲ್ಲ ಅವರವು. ಅವರ ಹೆಸರಿನಲ್ಲಿ ಈವರೆಗೆ ನಾಲ್ಕು ಹೋಗಿವೆ. ನೆರೆಮನೆಯವರು ಹಳೆಯ ಬಿಳಿಪಂಚೆಗಳನ್ನು ತಂದುಕೊಡುವಾಗ "ಶಾರದಮ್ಮನಿಗೆ" ಎಂದೇ ಕೊಡುವರು. ಈಚೆಗೆ ಅಂಗಳದ ಮೂಲೆಯಲ್ಲಿ, ತಾಯಿಯ ಮನೆಯಿಂದ ಬಂದ ಗಡ್ಡೆಯೊಂದರಲ್ಲಿ, ಬಿಳಿಯ ಡೇರೆ ಅರಳಿದಾಗ, ನಾನು ಬಾಯಿ ತೆರೆಯುವ ಮುನ್ನವೇ ಅದಕ್ಕೂ ಆ ಹೆಸರು ಬಿದ್ದಾಗಿತ್ತು. ಕಳೆದ ವಾರ ಆ ಬೆಂಗಳೂರಿನ ಮಹಿಳೆ ತಾವೇ ಕರೆಮಾಡಿ, ಹೊಸ ಕೌದಿ ಬಂದು ಸೇರಿತೆಂದು ತಿಳಿಸಿ, ಶಾರದಮ್ಮನವರು ಹೇಗಿದ್ದಾರೆ, ಈ ವಯಸ್ಸಿನಲ್ಲಿಯೂ ಇಷ್ಟು ಸಣ್ಣ ಹೊಲಿಗೆ ಹಾಕುತ್ತಾರಲ್ಲ ಎಂದು ವಿಚಾರಿಸಿದರು. ನನ್ನ ಹೆಂಡತಿ ಕಾಲು ನೀಡಿಕೊಂಡು ಕುಳಿತಿದ್ದವಳು, ಎಡಗೈಯಿಂದ ತನ್ನ ಮೊಣಕಾಲನ್ನು ಒತ್ತಿಕೊಳ್ಳುತ್ತಾ, "ಮೊಣಕಾಲು ಭಾಳ ನೋಯ್ತಾವ್ರಿ ಅವರಿಗೆ, ಆದರೂ ಹೊಲೀತಾರ" ಎಂದಳು.